ಹಿಂದಿನ ಎಡ ಗಾಲಿ

ನನ್ನ ಹೆಂಡತಿ ದಾನವ್ವ ಶಿವನ ಪಾದ ಸೇರಿದ ಮೇಲೆ ನಾವು ಮೊದಲ ಸಲ ಗುಡ್ಡಕ್ಕೆ ಹೊರಟ ದಿನ ಕಾರು ಅಕ್ಕನ ತಿರುವಿನ ಏರಿನಲ್ಲಿ ನಿಂತುಬಿಟ್ಟಿತು. ಹಿಂದಿನ ಎಡ ಗಾಲಿ ಹಿಮದಲ್ಲಿ ಸುಮ್ಮನೆ ಗಿರಗಿರ ತಿರುಗುತ್ತಿತ್ತು, ಎಳೆಯುತ್ತಿರಲಿಲ್ಲ. ಅದು ದಾನವ್ವನ ಗಾಲಿ. ಮಗ ಮಹಾರುದ್ರ ಎಂಜಿನು ಆರಿಸಿದ. ಸೊಸೆ ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೊಮ್ಮಗಳು ಇಂಚರಾ ತನ್ನ ಹೊಸ ಜಾರುಹಲಗೆಗಳನ್ನು ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಹಿಂದೆ ಬರುತ್ತಿದ್ದ ಕಾರುಗಳು ನಮ್ಮ ಪಕ್ಕದಲ್ಲೇ ಹಾದುಹೋದವು. ಒಳಗಿದ್ದವರೆಲ್ಲ ಮರ್ಯಾದೆಯಿಂದ ಮುಖ ಆಚೆ ತಿರುಗಿಸಿಕೊಂಡರು. ಎಳೆಯದ ಗಾಲಿಯನ್ನು ನೋಡಬಾರದು ಎಂಬುದು ನಮ್ಮೂರಿನ ನಡತೆ.

ಕೆಳಗೆ ಊರಲ್ಲಿ ನೆತ್ತಿ ಸುಡುವ ಬಿಸಿಲು, ಗುಡ್ಡದ ಮೇಲೆ ಹನ್ನೆರಡು ತಿಂಗಳೂ ಹಿಮ. ರವಿವಾರ ಬಂತೆಂದರೆ ಊರಿಗೆ ಊರೇ ಕಂಬಳಿ, ಜಾರುಹಲಗೆ, ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಮೇಲೆ ಹೋಗುತ್ತದೆ. ಜಾರಿ ಬಂದು ಮಿರ್ಚಿ ಭಜಿ ತಿಂದು, ಮತ್ತೆ ಹತ್ತಿ ಮತ್ತೆ ಜಾರುತ್ತದೆ. ಹಲಗೆಗೆ ಸ್ಕೀ ಎನ್ನಬೇಕೆಂದು ಇಂಚರಾ ನನ್ನನ್ನು ತಿದ್ದುತ್ತಾಳೆ. ಊರೊಳಗೆ ತಿರುಗಾಡಲು ಎಂಥ ಗಾಡಿಯಾದರೂ ನಡೆದೀತು, ಗುಡ್ಡಕ್ಕೆ ಮಾತ್ರ ನಾಲ್ಕೂ ಗಾಲಿ ಎಳೆಯುವಂಥದೇ ಬೇಕು. ಆದ್ದರಿಂದ ನಮ್ಮಲ್ಲಿ ಗಾಡಿ ಕೊಂಡ ದಿನ ಪೂಜೆ ಮಾಡಿಸಿ, ಒಂದೊಂದು ಗಾಲಿಯನ್ನು ಮನೆಯ ಒಬ್ಬೊಬ್ಬರಿಗೆ ಒಪ್ಪಿಸುತ್ತಾರೆ. ಹಾಲುಹಲ್ಲು ಬಿದ್ದ ಮೇಲೆ ಮಕ್ಕಳಿಗೂ ಸಲ್ಲುತ್ತದೆ. ಅಂದಿನಿಂದ ಆ ಗಾಲಿ ಅವರದು. ಗಂಡ ಹೆಂಡಿರ ಜಗಳ, ಅತ್ತೆ ಸೊಸೆಯರ ಮುನಿಸು, ಇಂಥವನ್ನೆಲ್ಲ ಗಾಲಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹಚ್ಚಿಕೊಂಡಿದ್ದರೆ ಗುಡ್ಡದ ಮೇಲೆ ಇಂದಿಗೂ ನರಪಿಳ್ಳೆ ಇರುತ್ತಿರಲಿಲ್ಲ. ಮನೆಯಿಂದ ಮನಸ್ಸನ್ನೇ ಕಿತ್ತುಕೊಂಡವರ ಗಾಲಿ ಮಾತ್ರ ಎಳೆಯುವುದಿಲ್ಲ. ಹಾಗಾಗಿ ಹೆಣ್ಣು ಕೊಡುವವರು ಮೊದಲು ಗಂಡಿನವರ ಗಾಡಿಯಲ್ಲಿ ಕುಳಿತು ಗುಡ್ಡಕ್ಕೆ ಹೋಗಿ ಬರುತ್ತಾರೆ. ಅಣ್ಣ ತಮ್ಮಂದಿರು ಪಾಲು ಕೇಳುವ ಮೊದಲೇ ಊರಿಗೆ ಸುದ್ದಿ ಮುಟ್ಟಿರುತ್ತದೆ. ಮನೆ ಅಳಿಯನಿಗೆ ಸ್ಟೆಪ್ನಿ ಒಪ್ಪಿಸುತ್ತಾರೆ. ನಮ್ಮ ಓಣಿಯ ಒಬ್ಬ ದೊಡ್ಡ ಭಕ್ತರು ನಾಲ್ಕೂ ಗಾಲಿಗಳನ್ನು ಶಿವನಿಗೇ ಒಪ್ಪಿಸಿದ್ದರು. ಅವರ ಗಾಡಿಯನ್ನು ಪ್ರತಿ ಸಲ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯಬೇಕಾಗುತ್ತಿತ್ತು. ಶಿವನಿಗೆ ಬೇರೆ ಕೆಲಸಗಳೂ ಇರುತ್ತವೆ.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಗಾಲಿಯನ್ನು ಬಿಡಿಸಬೇಕು. ಮಠದ ಅಯ್ಯನವರು ಗಾಲಿಗೆ ನೀರು ಹಾಕುತ್ತಾರೆ, ಹತ್ತಿರದವರು ತಮ್ಮ ಬಾಯಿಂದಲೇ 'ಬಿಟ್ಟೆ' ಅನ್ನುತ್ತಾರೆ. ಅಲ್ಲಿಗೆ ಅದು ಯಾರ ಗಾಲಿಯೂ ಅಲ್ಲ. ಇನ್ನೊಬ್ಬರಿಗೆ ಒಪ್ಪಿಸಬಹುದು, ಗಾಡಿಯನ್ನು ಮಾರಲೂಬಹುದು. ಸತ್ತವರ ಗಾಲಿ ಎಳೆಯುವುದಿಲ್ಲ ಎಂದು ಊರೆಲ್ಲ ನಂಬಿತ್ತು. ಎಳೆಯುತ್ತದೆಯೋ ಇಲ್ಲವೋ ಎಂದು ಕಾದು ನೋಡಿದವರು ಯಾರೂ ಇರಲಿಲ್ಲ, ಕರ್ಮ ಮುಗಿದ ಕೂಡಲೆ ಎಲ್ಲರೂ ಬಿಡಿಸಿಬಿಡುತ್ತಿದ್ದರು. ನಾನು ಬಿಡಿಸಿರಲಿಲ್ಲ. ಕೇಳಿದವರಿಗೆ, ಮನುಷ್ಯಳನ್ನೇ ಶಿವ ಕರೆದುಕೊಂಡ ಮೇಲೆ ಗಾಲಿಯದೇನು ದೊಡ್ಡ ಮಾತು, ನಾಳೆ ಮಾಡಿದರಾಯಿತು ಎನ್ನುತ್ತಿದ್ದೆ. ದಿನವೂ ಬೆಳಿಗ್ಗೆ ವಿಭೂತಿ ಧರಿಸಿ ಲಿಂಗಪೂಜೆಗೆ ಕೂರುತ್ತಿದ್ದೆ. ಸಮಾಧಾನ ಹೇಳಲು ಬಂದವರಿಗೆ ನಾನೇ ಸಮಾಧಾನ ಹೇಳಿ, ಚಹಾ ಕುಡಿಸಿ ಕಳುಹಿಸುತ್ತಿದ್ದೆ. ಎಂಥ ಗಟ್ಟಿ ಮನುಷ್ಯ ಎಂದು ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು, ಬಿದ್ದುದಕ್ಕೆ ನನಗೆ ಬೇಸರವೇನೂ ಆಗುತ್ತಿರಲಿಲ್ಲ. ಅವಳ ಸೀರೆಗಳನ್ನು ಕೊಟ್ಟಾಗಿತ್ತು, ಅವಳ ಮಂಚದಲ್ಲಿ ಇಂಚರಾ ಮಲಗುತ್ತಿದ್ದಳು. ಇನ್ನೂ ಅವಳದೆಂದು ಈ ಲೋಕದಲ್ಲಿ ಉಳಿದದ್ದು ಒಂದು ಗಾಲಿ. ಅದನ್ನು ಬಿಟ್ಟೆ ಎನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಇದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ಗುಡ್ಡದಿಂದ ಹಿಮ್ಮುಖವಾಗಿ ಇಳಿದು ಮನೆ ಸೇರಿದ ಸಂಜೆ ಮಹಾರುದ್ರ ಹೊಸ ಗಾಡಿಯ ಮಾತು ತೆಗೆದ. ಅವನು ನೀರೆತ್ತುವ ಪಂಪುಗಳ ಅಂಗಡಿ ಇಟ್ಟವನು, ಯಾವುದಕ್ಕೂ ಮೊದಲು ಭರೋಸೆ ಎಷ್ಟು ಎಂದು ಕೇಳುತ್ತಾನೆ.

"ಯಪ್ಪಾ, ಗಾಡಿ ಹಳೇದಾತು. ಭರೋಸೆದ್ದು ಒಂದ್ ನೋಡೂನು. ಇಂಚರಾನ ಹಲ್ಲೂ ಬಿದ್ದು ಬಂದಾವು, ಆಕಿಗೊಂದು ಗಾಲಿ ಕೊಟ್ರ ನಾಲ್ಕೂ ಆಗ್ತಾವು" ಎಂದ.

ಶೋರೂಮಿನವರು ಹಳೆಯ ಗಾಡಿಯನ್ನು ಬದಲಿಗೆ ತೆಗೆದುಕೊಳ್ಳುತ್ತಾರಂತೆ, ಆದರೆ ಗಾಲಿ ಬಿಡಿಸಿಯೇ ತರಬೇಕಂತೆ. ಇದನ್ನು ಅವನು ನನ್ನ ಮುಖ ನೋಡದೆ ಹೇಳಿದ. ಶಿವನಿಚ್ಛೆ ಎಂದೆ. ಆಮೇಲೆ, ಗುಡ್ಡ ಹತ್ತುವ ಗಾಡಿ ಎಂದರೆ ಹುಡುಗಾಟವಲ್ಲ, ಆರಿಸಲು ನಾನೂ ಬರುತ್ತೇನೆ ಎಂದೆ. ಒಳ್ಳೆಯ ಗಾಡಿ ಸಿಕ್ಕಿದ ದಿನ ಬಿಡಿಸಿದರಾಯಿತು. ಒಳ್ಳೆಯ ಗಾಡಿ ಸಿಗದಂತೆ ನೋಡಿಕೊಳ್ಳುವುದು ನನ್ನ ಕೈಯಲ್ಲಿತ್ತು.

ಶೋರೂಮಿನಲ್ಲಿ ಇರ್ಫಾನ್ ಎಂಬ ತರುಣ ನಮ್ಮನ್ನು ಎದುರುಗೊಂಡ. ಬೇರೆ ಊರುಗಳಲ್ಲಿ ಗಾಡಿ ಮಾರುವವರು ಮೊದಲು ಬಣ್ಣ ಕೇಳುತ್ತಾರಂತೆ. ಇವನು ಕೈಮುಗಿದು, "ಮನ್ಯಾಗ ಎಲ್ಲಾರೂ ಆರಾಮ ಅದೀರಲ್ರಿ?" ಎಂದು ಕೇಳಿ, ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದ. ಅದು ಕುಶಲಪ್ರಶ್ನೆಯಲ್ಲ, ಕಸುಬು. ಎಲ್ಲರೂ ಆರಾಮ ಎಂದು ನಾನೇ ಮೊದಲು ಹೇಳಿದೆ.

ಪರೀಕ್ಷೆಗೆ ಒಯ್ಯುವ ಗಾಡಿಗೆ ಪೂಜೆ ಇಲ್ಲ. ಒಬ್ಬೊಬ್ಬರು ಒಂದೊಂದು ಗಾಲಿಯ ಮೇಲೆ ಕೈಯಿಟ್ಟು ಕ್ಷಣಹೊತ್ತು ನಿಂತರೆ ಆ ದಿನದ ಮಟ್ಟಿಗೆ ಅದು ಅವರದು. ಮೊದಲ ಗಾಡಿ ಬಿಳಿಯದು, ಅಂಬಾರಿಯಷ್ಟು ಎತ್ತರ. ಹತ್ತುವಾಗಲೇ ನಾನು, ಇದಕ್ಕೆ ಏಣಿಯನ್ನೂ ಜೊತೆಗೆ ಕೊಡುತ್ತೀರೋ ಅಥವಾ ಅದು ಬೇರೆಯೋ ಎಂದು ವಿಚಾರಿಸಿದೆ. ಅಕ್ಕನ ತಿರುವಿನಲ್ಲಿ ಅದು ನಿಂತಿತು. ಕಸ್ತೂರಿ ಕೆಳಗಿಳಿದು ನೋಡಿ ಬಂದು, ಮುಂದಿನ ಬಲ ಗಾಲಿ ಎಂದಳು. ಎತ್ತರದ ಗಾಡಿಗೆ ನೆಲದ ಮೇಲೆ ಹಿಡಿತ ಎಲ್ಲಿಂದ ಬರಬೇಕು ಎಂದು ನಾನು ತೀರ್ಪು ಕೊಟ್ಟೆ. ಎರಡನೆಯದು ಕೆಂಪು ಬಣ್ಣದ್ದು. ಪಟ್ಟಿ ಕಟ್ಟಿಕೊಳ್ಳಿ, ಬಾಗಿಲು ಸರಿಯಾಗಿ ಹಾಕಿ ಎಂದು ಒಳಗಿನಿಂದ ಒಬ್ಬ ಹೆಂಗಸಿನ ದನಿ ಹೇಳುತ್ತಿತ್ತು. ನನಗೆ ಹಾಗೆಲ್ಲ ಹೇಳುವವಳು ಒಬ್ಬಳಿದ್ದಳು, ಇನ್ನೊಬ್ಬಳು ಬೇಡ ಎಂದೆ. ಯಾರೂ ನಗಲಿಲ್ಲ. ಅದೂ ಅದೇ ತಿರುವಿನಲ್ಲಿ ನಿಂತಿತು, ಹಿಂದಿನ ಬಲ ಗಾಲಿಯಿಂದ. ಮಾತಾಡುವ ಗಾಡಿ ಕೆಲಸ ಮಾಡುವುದುಂಟೇ ಎಂದೆ. ಮಹಾರುದ್ರನಿಗೆ ಈಗ ಕಂಪನಿಗಳ ಮೇಲೆಯೇ ಸಂಶಯ ಹುಟ್ಟಿತು. ಗಾಡಿಯ ಬಗ್ಗೆ ಅವನು ಓದದ ಕಾಗದವಿಲ್ಲ, ಕೇಳದ ಜನರಿಲ್ಲ. ಎಲ್ಲರೂ ಹೊಗಳಿದ ಗಾಡಿಗಳೇ ನಮ್ಮ ಮನೆಯವರನ್ನು ಕೂರಿಸಿಕೊಂಡರೆ ಮೊಂಡು ಬೀಳುತ್ತಿದ್ದವು. ನಾನು ಗಂಭೀರವಾಗಿ ತಲೆ ಅಲ್ಲಾಡಿಸುತ್ತಿದ್ದೆ. ಒಳಗೊಳಗೆ, ದಾನವ್ವನ ಗಾಲಿ ಇನ್ನೊಂದು ವಾರ ಉಳಿಯಿತು ಎಂದು ಶಿವನಿಗೆ ಕೈಮುಗಿಯುತ್ತಿದ್ದೆ. ಭಕ್ತಿಯನ್ನು ಇಂಥದಕ್ಕೂ ಬಳಸಬಹುದೆಂದು ನನಗೆ ಆವರೆಗೆ ತಿಳಿದಿರಲಿಲ್ಲ.

ಮೂರನೆಯದು ಬೂದು ಬಣ್ಣದ ಗಾಡಿ. ಅದರಲ್ಲಿ ಹೆಸರಿಡಲು ನನಗೆ ಏನೂ ಸಿಗಲಿಲ್ಲ. ಹತ್ತಲು ಸುಲಭ, ಹಲಗೆಗಳಿಗೆ ಜಾಗ, ಕಾಲು ಚಾಚಿ ಕೂರಬಹುದು. ಹೊಸ ಗಾಡಿಗಳಲ್ಲಿ ಯಾವ ಗಾಲಿ ಎಳೆಯುತ್ತಿದೆ ಎಂದು ತೋರಿಸುವ ನಾಲ್ಕು ಸಣ್ಣ ದೀಪಗಳಿರುತ್ತವೆ. ನಮ್ಮೂರಿನಲ್ಲಿ ಅವುಗಳ ಮೇಲೆ ದೇವರ ಚಿತ್ರ ಅಂಟಿಸಿಯೇ ಗಾಡಿ ಮಾರುತ್ತಾರೆ. ಯಾವ ಮನೆಯವರಿಗೂ ಆ ದೀಪ ನೋಡುವ ಆಸೆಯಿಲ್ಲ. ತಿರುವಿನಲ್ಲಿ ಗಾಡಿ ಎಂದಿನಂತೆ ನಿಂತಾಗ, ಮುಂದೆ ಕುಳಿತಿದ್ದ ಕಸ್ತೂರಿ ಕೈಚಾಚಿ ದೇವರ ಚಿತ್ರದ ಒಂದು ತುದಿಯನ್ನು ಉಗುರಿನಿಂದ ಎತ್ತಿ ಇಣುಕಿದಳು. ಮತ್ತೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಕಣ್ಣಿಗೊತ್ತಿಕೊಂಡಳು. ಜೊತೆಗೆ ಬಂದಿದ್ದ ಇರ್ಫಾನ್ ಕಿಟಕಿಯಿಂದ ಆಚೆ ನೋಡುತ್ತಿದ್ದ. ಅವನಿಗೆ ಕಂಪನಿಯವರು ಒಳ್ಳೆಯ ತರಬೇತಿ ಕೊಟ್ಟಿದ್ದರು.

ಮನೆಗೆ ಬಂದು ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಈ ಬೂದು ಗಾಡಿಗೂ ಭರೋಸೆ ಇಲ್ಲವೆಂದು ವಿವರಿಸತೊಡಗಿದೆ. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮಾತು ಮುಗಿಯುವವರೆಗೂ ಬಡಿದು, ರೊಟ್ಟಿಯನ್ನು ಹಂಚಿಗೆ ಹಾಕಿ ಕೈಯೊರೆಸಿಕೊಂಡಳು.

"ಮಾವಾರ, ಮೂರೂ ಗಾಡಿ ಚಲೋನ ಇದ್ದವ್ರಿ. ಮೂರರಾಗೂ ಎಳೀದಿದ್ದದ್ದು ನೀವು ಕೈ ಇಟ್ಟ ಗಾಲಿ."

ನನಗೆ ಸಿಟ್ಟು ನೆತ್ತಿಗೇರಿತು. ನಾನು ದಿನಾ ಪೂಜೆ ಮಾಡುವವನು, ಬಂದದ್ದನ್ನೆಲ್ಲ ಶಿವನಿಗೆ ಒಪ್ಪಿಸಿದವನು, ಓಣಿಯವರೆಲ್ಲ ಗಟ್ಟಿ ಮನುಷ್ಯ ಎನ್ನುತ್ತಾರೆ, ನನ್ನ ಮನಸ್ಸು ಎಲ್ಲಿಗೆ ಕಿತ್ತುಹೋಗಿದೆ ಎಂದು ಕೇಳಿದೆ.

"ಶಿವಗ ಒಪ್ಪಿಸೀರಿ, ಖರೆ ಐತ್ರಿ. ನಮಗೇನು ಉಳಿಸೀರಿ?" ಎಂದಳು. ದನಿ ಏರಿಸಲಿಲ್ಲ. "ಅತ್ತೀಯವರು ಹೋದಾಗಿಂದ ಇಂಚರಾನ ಜೋಡಿ ಒಂದರೆ ಮಾತಾಡೀರೇನ್ರಿ? ಕರದ್ರ ಉಣ್ಣಾಕ ಬರ್ತೀರಿ, ಉಂಡು ಎದ್ದು ಹೋಗ್ತೀರಿ. ಖಾನಾವಳಿಗೆ ಬಂದವರಂಗ. ಆಕಿ ಸ್ಕೀ ಹಾಕ್ಕೊಂಡು ನಿಮ್ಮ ಮುಂದ ಪಡಸಾಲ್ಯಾಗ ಬಿದ್ದಾಗೂ ನೀವು ತಲಿ ಎತ್ತಲಿಲ್ಲ."

ರೊಟ್ಟಿ ಹಂಚಿನ ಮೇಲೆ ಹೊಗೆಯಾಡಿತು. ಇಬ್ಬರೂ ಅದನ್ನು ತಿರುವಲಿಲ್ಲ. ಆಗ ನನಗೆ ಒಂದು ಉತ್ತರ ಹೊಳೆಯಿತು, ಹೊಳೆದುದಕ್ಕೆ ಹಿಗ್ಗಿಯೂ ಹೋದೆ. "ಹಂಗಾದ್ರ ಹಳೇ ಗಾಡ್ಯಾಗ ನನ್ನ ಗಾಲಿ ಹೆಂಗ ಎಳೀತು? ಅಲ್ಲಿ ಎಳೀದಿದ್ದದ್ದು ಎಡದ್ದು. ನಿಮ್ಮ ಅತ್ತೀದು. ನನ್ನದು ಬಲದ್ದು" ಎಂದೆ.

ಕಸ್ತೂರಿ ಯೋಚಿಸಿದಳು. ರೊಟ್ಟಿ ತಿರುವಿಹಾಕಿ, ನನ್ನದು ತಪ್ಪಾತ್ರಿ ಎಂದಳು. ನಾನು ಗೆದ್ದು ಹೊರಗೆ ಬಂದೆ. ಸತ್ತವಳ ಮೇಲೆ ಹೊರೆ ಹಾಕಿ ಸೊಸೆಯ ಎದುರು ಗೆದ್ದಿದ್ದೆ. ಬದುಕಿದ್ದಾಗಲೂ ದಾನವ್ವ ನನಗೆ ಹೀಗೆಯೇ ಉಪಯೋಗಕ್ಕೆ ಬರುತ್ತಿದ್ದಳು. ಮನೆಯಲ್ಲಿ ಏನು ಕೆಟ್ಟರೂ, ಅವಳನ್ನ ಕೇಳ್ರಿ ಎಂದು ನಾನು ಜಗಲಿಗೆ ಹೋಗಿ ಕೂತುಬಿಡುತ್ತಿದ್ದೆ. ಗೆದ್ದ ಹುಮ್ಮಸ್ಸಿನಲ್ಲಿ, ನನ್ನ ಮನಸ್ಸು ನೆಟ್ಟಗಿದೆ ಎಂದು ಎಲ್ಲರಿಗೂ ತೋರಿಸಲೆಂದು, ಬರುವ ರವಿವಾರವೇ ಗಾಲಿ ಬಿಡಿಸೋಣ ಎಂದು ಮಹಾರುದ್ರನಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ ಜಗಲಿಯ ಮೇಲೆ ಕುಳಿತವನು ಉಣ್ಣಲು ಕರೆದಾಗಲೂ ಏಳಲಿಲ್ಲ.

ರವಿವಾರ ನಾಲ್ವರೂ ಹಳೆಯ ಗಾಡಿಯಲ್ಲಿ ಮಠಕ್ಕೆ ಹೋದೆವು. ಈ ಗಾಡಿಗೆ ಪೂಜೆ ಮಾಡಿದ್ದ ಅಯ್ಯನವರೇ ತಾಮ್ರದ ತಂಬಿಗೆಯಲ್ಲಿ ನೀರು ಹಿಡಿದು ಅಂಗಳಕ್ಕೆ ಬಂದರು. ಅವರಿಗೆ ಈಗ ಬಹಳ ವಯಸ್ಸಾಗಿತ್ತು, ಕಿವಿ ಮಂದ, ನೆನಪು ಮಾತ್ರ ಚುರುಕು. ತೀರಿಹೋದಾಕೆಯ ಗಾಲಿಯ ಹತ್ತಿರ ನಿಂತುಕೊ ಎಂದು ನನಗೆ ಹೇಳಿದರು. ನಾನು ಹೋಗಿ ಹಿಂದಿನ ಎಡ ಗಾಲಿಯ ಹತ್ತಿರ ನಿಂತೆ, ಅದರ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಅಯ್ಯನವರು ಗಾಡಿಯನ್ನು ಸುತ್ತಿಕೊಂಡು ಆಚೆ ಬದಿಗೆ ಹೋಗಿ, ಹಿಂದಿನ ಬಲ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಅಲ್ಲಿ ಏನು ಮಾಡುತ್ತಿದ್ದೀ, ಈ ಕಡೆ ಬಾ ಎಂದು ನನ್ನನ್ನೇ ಕರೆದರು.

"ಅಯ್ಯಾರ, ಆಕೀದು ಎಡದ್ದು" ಎಂದೆ.

"ಎಡದ್ದ ಇದು."

"ಅದು ಬಲ ಆತಲ್ರಿ."

ಅಯ್ಯನವರು ಚಿಕ್ಕ ಮಗುವನ್ನು ನೋಡುವಂತೆ ನನ್ನನ್ನು ನೋಡಿದರು. "ಆರತಿ ಬೆಳಗಾವ ದೇವರ ಬೆನ್ನ ಹಿಂದ ನಿಂತು ಬೆಳಗ್ತಾನೇನಪಾ? ನೀವು ಒಳಗ ಕಣ್ಣ ಮುಚ್ಚಿ ಕುಂತಿದ್ರಿ. ನಾ ಗಾಡಿಗೆ ಎದುರು ನಿಂತು ಒಪ್ಪಿಸೇನಿ. ನನ್ನ ಎಡ ಅಂದ್ರ ಈ ಗಾಲಿ. ಇದು ದಾನವ್ವಂದು. ನಿಂದು ಅದು, ನೀ ಕೈ ಇಟ್ಟದ್ದು."

ನಾನು ಕೈ ತೆಗೆಯಲಿಲ್ಲ, ತೆಗೆಯುವುದೂ ತೋಚಲಿಲ್ಲ. ಮುಂದಿನ ಎರಡು ಗಾಲಿಗಳೂ ಹಾಗೆಯೇ ಅದಲು ಬದಲಾಗಿದ್ದವು. ಮಗ ಸೊಸೆ ಇಬ್ಬರ ಮನಸ್ಸೂ ಮನೆಯಲ್ಲೇ ಇದ್ದುದರಿಂದ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಕಸ್ತೂರಿ ಈಗ ಏನಾದರೂ ಅಂದಾಳು ಎಂದು ಕಾದೆ. ಅವಳು ಇಂಚರಾಳನ್ನು ಹತ್ತಿರ ಎಳೆದುಕೊಂಡಳು. ಮಹಾರುದ್ರ ಗಾಡಿಯನ್ನು ಸುತ್ತಿ ಹೋಗಿ ಬಲಗಡೆಯ ಗಾಲಿಯನ್ನು ನೋಡುತ್ತ ನಿಂತ.

"ಅವ್ವ ಎಳೀತಿದ್ಲು" ಎಂದ, ಯಾರಿಗೆಂದಿಲ್ಲದೆ.

ಅಯ್ಯನವರಿಗೆ ಇದೆಲ್ಲ ಕೇಳಿಸಿತೋ ಇಲ್ಲವೋ. ಎಳೆಯುವ ಗಾಲಿಯನ್ನು ಬಿಡಿಸಲು ಶಾಸ್ತ್ರವಿಲ್ಲ, ಎಳೆಯದ್ದನ್ನು ಬೇಕಾದರೆ ಬಿಡಿಸಬಹುದು ಎಂದರು. ಅದನ್ನು ಮೊಮ್ಮಗಳಿಗೆ ಒಪ್ಪಿಸಿದರೆ ಗಾಡಿ ಇವತ್ತೇ ಗುಡ್ಡ ಹತ್ತುತ್ತದೆ, ಹೊಸದನ್ನು ಕೊಳ್ಳುವ ಗೊಡವೆಯೂ ಇಲ್ಲ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ತಂಬಿಗೆ ಎತ್ತಿಕೊಂಡು ನನ್ನ ಬದಿಗೆ ಬಂದರು. ಬಿಟ್ಟೆ ಅನ್ನಬೇಕಾದವನು ಈಗ ಮಹಾರುದ್ರ. ನನ್ನ ಗಾಲಿಗೆ ಹತ್ತಿರದವನೆಂದರೆ ಅವನೇ. ಹೆಂಡತಿಯ ಹೆಸರಿನದೊಂದು ಉಳಿಯಲಿ ಎಂದು ಇಷ್ಟು ದಿನ ಹೆಣಗಿದವನು ನಾನು. ಈಗ ನನ್ನ ಹೆಸರಿನದೇ ಹೋಗುವ ಹೊತ್ತು ಬಂದಿತ್ತು. ಆದರೂ, ಬಿಟ್ಟೆ ಅನ್ನು ಮಗನೇ ಎಂದೆ, ಅಥವಾ ಅನ್ನಬೇಕೆಂದುಕೊಂಡೆ. ಯಾವುದೆಂದು ಈಗ ಖಚಿತವಿಲ್ಲ.

ಮಹಾರುದ್ರ ಅಯ್ಯನವರ ಕೈಯಲ್ಲಿದ್ದ ತಂಬಿಗೆಯನ್ನು ನೋಡಿದ. "ಅಯ್ಯಾರ, ಆ ನೀರು ಗಿಡಕ್ಕ ಹಾಕ್ರಿ" ಎಂದು ಹೇಳಿ, ಬಾಗಿಲು ತೆಗೆದು, "ಕುಂಡ್ರು ಯಪ್ಪಾ" ಎಂದ.

ಅಲ್ಲಿಂದ ನ್ಯಾಯವಾಗಿ ಮನೆಗೆ ಹೋಗಬೇಕಿತ್ತು. ಅವನು ಗಾಡಿಯನ್ನು ಗುಡ್ಡದ ದಾರಿಗೆ ತಿರುಗಿಸಿದ. ದಾರಿಯಲ್ಲಿ ಇರ್ಫಾನನಿಗೆ ಫೋನು ಮಾಡಿ, ನಮಗೆ ಗಾಡಿ ಬೇಡ, ನಮ್ಮ ಹತ್ತಿರ ಭರೋಸೆಯ ಗಾಲಿಯೊಂದು ಮೊದಲೇ ಇದೆ ಎಂದು ಹೇಳಿದ. ಯಾವ ಕಂಪನಿಯದು ಎಂದು ಆ ತರುಣ ಕೇಳಿದನಂತೆ. ಇಂಚರಾ ಹಲ್ಲು ಬಿಟ್ಟು ನಕ್ಕಳು. ನಾನು ಅವಳ ಕಡೆ ನೋಡಿದೆ. ಮುಂದಿನ ಹಲ್ಲು ಸ್ವಲ್ಪ ಸೊಟ್ಟ ಬಂದಿತ್ತು. ಬಂದಿದೆ ಎಂದು ಕೇಳಿದ್ದೆ, ನೋಡಿರಲಿಲ್ಲ.

ಅಕ್ಕನ ತಿರುವಿನಲ್ಲಿ ಗಾಡಿ ಕುಂಟಿ ನಿಂತಿತು. ಎಡಗಡೆ ನನ್ನ ಗಾಲಿ ಗಿರಗಿರ ತಿರುಗುತ್ತ ಹಿಮವನ್ನು ಎರಚುತ್ತಿತ್ತು. ಬಲಗಡೆ ಹಿಂದಿನ ಗಾಲಿ ನೆಲವನ್ನು ಕಚ್ಚಿ ಹಿಡಿದಿತ್ತು. ಅದರ ನಡುಕ ಸೀಟಿನ ಕೆಳಗಿನಿಂದ ನನಗೆ ತಿಳಿಯುತ್ತಿತ್ತು. ಏನಾದರೂ ನೆನೆದು ಎಳೆಯಬೇಕೆಂದು ಕಣ್ಣುಮುಚ್ಚಿ ಪ್ರಯತ್ನಪಟ್ಟೆ. ಮನಸ್ಸನ್ನು ಮನೆಗೆ ಕರೆಯುವುದು ದನ ಕರೆದಂತಲ್ಲ, ಅದು ಬರಲಿಲ್ಲ. ಕಸ್ತೂರಿ ಮುಂದಿನ ಸೀಟಿನಿಂದ ತಿರುಗಿದಳು.

"ಮಾವಾರ, ಅತ್ತೀಯವರ ಮ್ಯಾಲೆ ಇನ್ನೂ ಎಷ್ಟ ಭಾರ ಹಾಕ್ತೀರಿ?"

ನಾನು ಬಾಗಿಲು ತೆಗೆದು ಇಳಿದೆ. ಗಾಡಿಯ ಹಿಂದೆ ಹೋಗಿ, ಎಡಗಡೆಯ ಮೂಲೆಗೆ ಹೆಗಲು ಕೊಟ್ಟು ನೂಕಿದೆ. ಹಿಮ ಮುಖಕ್ಕೆ ಸಿಡಿಯಿತು, ವಿಭೂತಿ ಕರಗಿ ಕಣ್ಣಿಗಿಳಿಯಿತು. ಗಾಡಿ ಒಮ್ಮೆ ಹಿಂದೆ ಸರಿದು, ನನ್ನನ್ನೂ ಎರಡು ಹೆಜ್ಜೆ ನೂಕಿ, ಆಮೇಲೆ ಮೆಲ್ಲನೆ ತಿರುವು ದಾಟಿತು. ಅಲ್ಲಿಂದ ಮುಂದಿನ ಏರು ಇನ್ನೂ ಕಡಿದು, ಅಲ್ಲಿ ನಿಂತ ಗಾಡಿ ಮತ್ತೆ ಹೊರಡುವುದಿಲ್ಲ, ಆದ್ದರಿಂದ ಮಹಾರುದ್ರ ನಿಲ್ಲಿಸಲಿಲ್ಲ. ಇಂಚರಾ ಹಿಂದಿನ ಗಾಜಿಗೆ ಮುಖ ಒತ್ತಿ ನನ್ನನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಸಣ್ಣಗಾಗಿ ಹೋದಳು.

ನಾನು ಮುಖ ಒರೆಸಿಕೊಂಡು ನಡೆಯತೊಡಗಿದೆ. ರಸ್ತೆಯ ಮೇಲೆ ಎರಡು ಸಾಲು ಗುರುತು ಬಿದ್ದಿತ್ತು. ಎಡಗಡೆಯ ಸಾಲು ಕಲಸಿಹೋಗಿತ್ತು, ಮಕ್ಕಳು ಕೆದಕಿದ ಹಾಗೆ. ಬಲಗಡೆಯದು ಅಚ್ಚು ಒತ್ತಿದಂತೆ ನೆಟ್ಟಗಿತ್ತು, ಹಿಮ ಅಲ್ಲಿ ಗಟ್ಟಿಯಾಗಿ ಕಾಲಿಗೆ ಆಸರೆ ಕೊಡುತ್ತಿತ್ತು. ನಾನು ಅದರಲ್ಲೇ ಹೆಜ್ಜೆ ಇಟ್ಟೆ. ಮದುವೆಯಾದ ದಿನದಿಂದ ದಾನವ್ವ ನನ್ನ ಹಿಂದೆ ನಡೆದವಳು. ಜಾತ್ರೆಗೆ, ಮದುವೆಮನೆಗೆ, ಆಸ್ಪತ್ರೆಗೆ ಎಲ್ಲಿಗೆ ಹೋದರೂ ನಾಲ್ಕು ಮಾರು ಹಿಂದೆ. ಸ್ವಲ್ಪ ನಿಧಾನ ನಡೀರಿ ಎಂದು ಅವಳು ಕೂಗುವುದು, ನಾನು ಕೇಳಿಸಿಕೊಳ್ಳದವನಂತೆ ನಡೆಯುವುದು ನಮ್ಮ ರೂಢಿ. ಏರು ಕಡಿದಾದಲ್ಲಿ ನನಗೆ ಉಸಿರು ಕಟ್ಟಿತು. ಸ್ವಲ್ಪ ನಿಧಾನ ಎಂದು ನಾನೂ ಒಮ್ಮೆ ಗಟ್ಟಿಯಾಗಿ ಹೇಳಿದೆ. ಸುತ್ತ ಯಾರೂ ಇರಲಿಲ್ಲ. ಅಳು ಅಲ್ಲಿಯೇ ಬಂತು, ಇಷ್ಟು ದಿನ ಎಲ್ಲಿತ್ತೋ. ನಿಂತು ಅತ್ತೆ. ಅತ್ತು ಮುಗಿದ ಮೇಲೆ ಮೂಗು ಸೀಟಿ ಮತ್ತೆ ನಡೆದೆ.

ಏರು ಮುಗಿದು ರಸ್ತೆ ಸಮನಾಗುವಲ್ಲಿ ಹಿಂದಿನಿಂದ ಒಂದು ಗಾಡಿ ಬಂದು ನಿಂತಿತು. ಬಟ್ಟೆ ಅಂಗಡಿಯ ಗುರುಪಾದಪ್ಪನವರು, ಹೆಂಡತಿ ಮಕ್ಕಳ ಸಮೇತ. ಕಿಟಕಿ ಇಳಿಸಿ, ಈ ಚಳಿಯಲ್ಲಿ ಒಬ್ಬರೇ ಯಾಕೆ ನಡೆದು ಹೊರಟಿದ್ದೀರಿ, ಬನ್ನಿ ಕೂತುಕೊಳ್ಳಿ, ಜಾಗವಿದೆ ಎಂದರು. ಅವರ ಹೆಂಡತಿ ಆಗಲೇ ಬಾಗಿಲು ತೆಗೆದು, ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡಿದ್ದರು.

"ಬ್ಯಾಡ್ರಿ" ಎಂದೆ. "ನಮ್ಮ ಮನಿಯವರು ಮುಂದ ಹೋಗ್ಯಾರ. ಅವರ ಹಿಂದ ಹೊಂಟೀನಿ."